ಎಲ್ಲದಕ್ಕೂ ಒಂದೇ ಓಂ ತೋರಿಸಿದ ಮೀಟರ್

ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಡಿಗ್ರಿ ಮುಗಿದು ಎರಡು ವರ್ಷ, ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯುವ ಈ ಡಿಜಿಟಲ್ ಮಲ್ಟಿಮೀಟರ್ ಕೊಂಡು ಎಂಟು ತಿಂಗಳು ಆಯಿತು. ಮೊದಲ ವಾರವೇ ಇದಕ್ಕೆ ಒಂದು ಸ್ಟಾರ್ ಕೊಟ್ಟು, 'ಡಿಫೆಕ್ಟಿವ್ ಪೀಸ್, ಏನು ಅಳೆದರೂ 1 ಅಂತಲೇ ತೋರಿಸುತ್ತೆ' ಎಂದು ಸಿಟ್ಟಿನಲ್ಲಿ ಬರೆದಿದ್ದೆ. ಅದನ್ನು ಅಳಿಸಿ ಇದನ್ನು ಬರೆಯುತ್ತಿದ್ದೇನೆ.

ಇದು ತೀರಾ ಸಾದಾ ಮೀಟರ್. ಹಳದಿ ಬಣ್ಣ, ಅಂಗೈಯಗಲ, ನಡುವೆ ತಿರುಗಿಸುವ ನಾಬ್, ಕೆಳಗೆ ಮೂರು ತೂತು, ಒಳಗೆ 9 ವೋಲ್ಟ್ ಬ್ಯಾಟರಿ. ಜೊತೆಗೆ ಒಂದೇ ಹಾಳೆಯ ಮ್ಯಾನ್ಯುವಲ್ ಬರುತ್ತದೆ. ನಾನು ಓದಲಿಲ್ಲ. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದವಳು ಮಲ್ಟಿಮೀಟರಿನ ಮ್ಯಾನ್ಯುವಲ್ ಓದುವುದಾ?

ಮೂರರಲ್ಲಿ ಒಂದು ತೂತಿನ ಪಕ್ಕ ಸಿ ಓ ಎಂ ಎಂದು ಬರೆದಿತ್ತು. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೂ ಕಾಂ ಎಂದೇ ಹೆಸರು, ಅದರ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದು ಪಾಸಾದವಳು ನಾನು. ನೋಡಿದ ಕೂಡಲೇ ಇದು ಕಂಪ್ಯೂಟರಿಗೆ ಜೋಡಿಸುವ ಪೋರ್ಟ್ ಎಂದುಕೊಂಡೆ. ಕೇಬಲ್ ಕೊಟ್ಟಿಲ್ಲವಲ್ಲ ಎಂದು ಬೇಜಾರೂ ಆಯಿತು. ಉಳಿದ ಎರಡು ತೂತಿಗೆ ವೈರ್ ಚುಚ್ಚಲು ಹೊರಟಾಗ ತಮ್ಮ ಡಬ್ಬದ ಮೇಲಿನ ಚಿತ್ರ ನೋಡಿ, "ಅಕ್ಕಾ, ಅದು ಕಾಮನ್ ಅಲ್ವಾ? ಕಪ್ಪು ವೈರ್ ಅದಕ್ಕೇ ಹಾಕಿದ್ದಾರೆ ನೋಡು" ಎಂದ. ಏನು ಅಳೆದರೂ ಕಪ್ಪು ವೈರ್ ಅಲ್ಲೇ ಇರುತ್ತದೆ, ಅದಕ್ಕೇ ಕಾಮನ್. ಅವನು ಓದುವುದು ಬಿ.ಕಾಂ. ಕಾಂ ವಿಷಯ ಅವನಿಗೇ ಗೊತ್ತಿರಬೇಕು ಬಿಡಿ.

ಆಮೇಲೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಅಂದರೆ ರೆಸಿಸ್ಟರ್ ಅಳೆದೆ. ಕಂದು, ಕಪ್ಪು, ಕೆಂಪು ಪಟ್ಟಿ. ಈ ಬಣ್ಣಗಳೆಂದರೆ ಸಾವಿರ ಓಂ (ಓಂ ಎಂದರೆ ಆ ತಡೆಯ ಅಳತೆ) ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಮೀಟರ್ 1 ಎಂದಿತು. ಬೇರೆ ರೆಸಿಸ್ಟರ್ ಇಟ್ಟೆ, 1. ಎಲ್‌ಇಡಿ ಇಟ್ಟೆ, 1. ಕೊನೆಗೆ ಪ್ರೋಬುಗಳನ್ನು, ಅಂದರೆ ವೈರುಗಳ ಚೂಪು ತುದಿಗಳನ್ನು, ಗಾಳಿಯಲ್ಲಿ ಹಿಡಿದೆ, ಆಗಲೂ 1. ಗಾಳಿಗೆ ಒಂದು ಓಂ! ಅಲ್ಲಿಗಾದರೂ ಅನುಮಾನ ಬರಬೇಕಿತ್ತು. ನಾನು ವಿಮರ್ಶೆ ಬರೆಯಲು ಕೂತೆ.

ನಾಬ್ 200 ಓಮಿನ ರೇಂಜಿನಲ್ಲಿತ್ತು, ಅಂದರೆ 200 ಓಂವರೆಗೆ ಮಾತ್ರ ಅಳೆಯುವ ಜಾಗದಲ್ಲಿ. ಪರದೆಯ ಎಡ ತುದಿಯಲ್ಲಿ 1 ಒಂಟಿಯಾಗಿ ನಿಂತರೆ 'ಇದು ನನ್ನ ರೇಂಜ್ ದಾಟಿತು' ಎಂದು ಅರ್ಥ. ಇಂಥ ಮೀಟರ್ 1999ರವರೆಗೆ ಮಾತ್ರ ಎಣಿಸುತ್ತದೆ, 200ರ ರೇಂಜಿನಲ್ಲಿ ಅದು 199.9. ಆಮೇಲೆ ಕೈಚೆಲ್ಲುತ್ತದೆ. ನಾಬನ್ನು ಒಂದು ಹೆಜ್ಜೆ ತಿರುಗಿಸಿ 2000ಕ್ಕೆ ಇಟ್ಟರೆ 987 ಎಂದು ನೀಟಾಗಿ ಬಂತು. ಕಾಲೇಜಿನ ಲ್ಯಾಬಿನಲ್ಲಿ ರೇಂಜ್ ಇಟ್ಟೇ ನಮ್ಮ ಕೈಗೆ ಕೊಡುತ್ತಿದ್ದರು. ನಮ್ಮ ಕೆಲಸ ರೀಡಿಂಗ್ ಬರೆದುಕೊಳ್ಳುವುದು. ನಿಜ ಹೇಳಬೇಕೆಂದರೆ ಅದನ್ನೂ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದವರೇ ಜಾಸ್ತಿ.

ಇನ್ನು ಫ್ಯೂಸ್ ಕಥೆ. ಕರೆಂಟ್ ಅಳೆಯುವ ಅಮ್ಮೀಟರ್ ಸೀರೀಸಿನಲ್ಲಿ (ಸರ್ಕ್ಯೂಟಿನ ದಾರಿಯ ನಡುವೆ), ವೋಲ್ಟೇಜ್ ಅಳೆಯುವ ವೋಲ್ಟ್‌ಮೀಟರ್ ಪ್ಯಾರಲಲ್‌ನಲ್ಲಿ (ಎರಡು ತುದಿಗೆ ಅಡ್ಡಲಾಗಿ). ಇದನ್ನು ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದೇನೋ ಲೆಕ್ಕ ಇಲ್ಲ. ಆದರೂ ರಿಮೋಟಿನ ಸೆಲ್ ಕೈಗೆ ಸಿಕ್ಕಾಗ, 'ಇದರಲ್ಲಿ ಕರೆಂಟ್ ಎಷ್ಟಿದೆ ನೋಡೋಣ' ಎಂದು ನಾಬನ್ನು 200 ಮಿಲಿ ಆಂಪಿಯರ್‌ಗೆ ಇಟ್ಟು ಸೆಲ್ಲಿನ ಎರಡೂ ತುದಿಗೆ ಪ್ರೋಬ್ ಒತ್ತಿದೆ. ಅಮ್ಮೀಟರಿನ ರೆಸಿಸ್ಟೆನ್ಸ್ ತೀರಾ ಕಡಿಮೆ. ಹಾಗಾಗಿ ಸೆಲ್ಲಿಗೆ ಹೆಚ್ಚುಕಡಿಮೆ ಒಂದು ತಂತಿ ಕಟ್ಟಿದ ಹಾಗೆಯೇ ಆಯಿತು. ಹೊಗೆ ಇಲ್ಲ, ಸದ್ದಿಲ್ಲ. ಪರದೆ ಸೊನ್ನೆಗೆ ಬಂತು, ಅಲ್ಲೇ ಉಳಿಯಿತು. ಸೆಲ್ಲೇ ಸತ್ತಿದೆ ಎಂದುಕೊಂಡು ಬಿಸಾಡಿದೆ. ಇನ್ನೊಂದನ್ನೂ ಪರೀಕ್ಷಿಸಿ ಬಿಸಾಡಿದೆ.

ಮರುದಿನ ಮೀಟರನ್ನು ಆಫೀಸಿಗೆ ಒಯ್ದೆ. ಟೆಕ್ನಿಷಿಯನ್ ಒಬ್ಬರು ಹಿಂದಿನ ಎರಡು ಸ್ಕ್ರೂ ಬಿಚ್ಚಿ ಸಣ್ಣ ಗಾಜಿನ ಕೊಳವೆಯೊಂದನ್ನು ತೆಗೆದು ಬೆಳಕಿಗೆ ಹಿಡಿದರು.

"ಸೆಲ್ಲಿಗೆ ನೇರ ಕೊಟ್ರಾ ಮೇಡಂ?"

"ಇಲ್ಲಪ್ಪ."

"ಎಲ್ಲರೂ ಇಲ್ಲ ಅಂತಾನೇ ಹೇಳೋದು."

ಮೀಟರಿನೊಳಗೂ ಫ್ಯೂಸ್ ಇರುತ್ತದೆ, ಅದನ್ನು ಬದಲಾಯಿಸಬಹುದು ಎಂದು ನನಗೆ ಗೊತ್ತಾದದ್ದು ಆಗಲೇ. ಈಗ ಎರಡು ಫ್ಯೂಸ್ ಸದಾ ಪರ್ಸಿನಲ್ಲಿರುತ್ತವೆ. ಹೌದು, ಎರಡನೆಯದೂ ಬೇಕಾಯಿತು. ಅದನ್ನು ಇಲ್ಲಿ ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಈ ಮೀಟರಿನ 10 ಆಂಪಿಯರ್ ತೂತಿಗೆ ಫ್ಯೂಸ್ ಇಲ್ಲ, ಪಕ್ಕದಲ್ಲೇ ಹಾಗೆಂದು ಅಚ್ಚಾಗಿದೆ. ಕೆಂಪು ವೈರ್ ಅದರಲ್ಲಿ ಮರೆತು ಗೋಡೆಯ ಸಾಕೆಟ್ಟಿಗೆ ಪ್ರೋಬ್ ಹಾಕಿದರೆ ನೇರ ಶಾರ್ಟ್ ಸರ್ಕ್ಯೂಟ್. ಕೈ ಸುಡಬಹುದು, ಕಣ್ಣಿಗೂ ಅಪಾಯ. ಗೋಡೆಯ ಕರೆಂಟ್ ಅಳೆಯಲು ನಾನು ಇದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಆಫೀಸಿನ ಕ್ಯಾಟ್ 3 ದರ್ಜೆಯ ಮೀಟರ್ ಇದೆ, ಕಟ್ಟಡದ ವಿದ್ಯುತ್ ಲೈನನ್ನು ಅಳೆಯಲೆಂದೇ ಇರುವ ಸುರಕ್ಷತಾ ದರ್ಜೆ ಅದು.

ಇಷ್ಟವಾದದ್ದು ಬೀಪ್. ಎರಡು ತುದಿ ಮುಟ್ಟಿಸಿ, ತಂತಿ ಕೂಡಿದ್ದರೆ ಕೂಗುತ್ತದೆ, ತುಂಡಾಗಿದ್ದರೆ ಸುಮ್ನಿರುತ್ತದೆ. ಇಯರ್‌ಫೋನ್ ವೈರಿನಲ್ಲಿ ಪಿನ್ನಿನ ಹತ್ತಿರ ತುಂಡಾಗಿದ್ದನ್ನು ಹೀಗೇ ಹಿಡಿದೆ. ಅಮ್ಮ ಮೊದಲ ಬಾರಿಗೆ, "ಓದಿದ್ದು ಉಪಯೋಗಕ್ಕೆ ಬಂತು" ಎಂದರು. ನಾನು ತಿದ್ದಲಿಲ್ಲ.

ನಾಲ್ಕು ಸ್ಟಾರ್. ವೈರುಗಳು ಬಿರುಸು, ಪರದೆಗೆ ಬೆಳಕಿಲ್ಲ, ಅದಕ್ಕೆಲ್ಲ ನಾನು ಸ್ಟಾರ್ ಕತ್ತರಿಸಿಲ್ಲ. ಕತ್ತರಿಸಿದ್ದು ತಾನಾಗಿ ಆಫ್ ಆಗದಿರುವುದಕ್ಕೆ. ಎರಡು ಬಾರಿ ರಾತ್ರಿಯಿಡೀ ಆನ್ ಬಿಟ್ಟು ಮಲಗಿದ್ದೇನೆ. ಬ್ಯಾಟರಿ ಇಳಿದಾಗ ಇಂಥ ಮೀಟರ್ ಕಡಿಮೆ ತೋರಿಸುತ್ತದೆ ಎಂದುಕೊಳ್ಳಬೇಡಿ. ನನ್ನದು ಜಾಸ್ತಿ ತೋರಿಸಿತು. ಮೂಲೆಯಲ್ಲಿ ಮೂಡಿದ್ದ ಪುಟ್ಟ ಬ್ಯಾಟರಿ ಚಿತ್ರವನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಒಂದೂವರೆ ವೋಲ್ಟಿನ ಹೊಸ ಸೆಲ್ 1.9 ಎಂದಾಗ ಖುಷಿಯಾಗಿ, ಒಳ್ಳೇ ಕಂಪನಿಯ ಸೆಲ್ ಸಿಕ್ಕಿತು ಎಂದು ಅದೇ ಟೆಕ್ನಿಷಿಯನ್‌ಗೆ ಹೇಳಿದೆ.

"ಬ್ಯಾಟರಿ ಯಾವಾಗ ಹಾಕಿದ್ದು ಮೇಡಂ?"

"ಇವತ್ತೇ, ಹೊಸದು."

"ಸೆಲ್ಲಲ್ಲ. ಮೀಟರಿಂದು."