ಸಿಂಪಿಯ ಆಮ್ಲೆಟ್: ತೈವಾನಿನ ಮೆತ್ತನೆಯದೋ, ತ್ಯೋಚ್ಯೂ ಜನರ ಗರಿಗರಿಯದೋ?

ಸಿಂಗಪುರದ ನಮ್ಮ ಅಡುಗೆಮನೆಯಲ್ಲಿ ಎರಡು ತಿಂಗಳಿಂದ ಪ್ರತಿ ಶನಿವಾರ ಸಿಂಪಿಯ (ಆಯ್ಸ್ಟರ್ ಎಂಬ ಕಡಲ ಚಿಪ್ಪುಜೀವಿಯ) ಆಮ್ಲೆಟ್ ಆಗುತ್ತಿದೆ. ಒಂದು ವಾರ ತೈವಾನಿನ ಕ್ರಮ, ಮರುವಾರ ದಕ್ಷಿಣ ಚೀನಾದ ತ್ಯೋಚ್ಯೂ ಜನರ ಕ್ರಮ. ಸಿಂಪಿ, ಮೊಟ್ಟೆ, ಗೆಣಸಿನ ಪಿಷ್ಟ ಎರಡಕ್ಕೂ ಬೇಕು. ಆದರೂ ತಟ್ಟೆಗೆ ಬಂದಾಗ ಇವು ಒಂದೇ ಮನೆತನದವು ಎಂದು ನಂಬುವುದು ಕಷ್ಟ.

ಪಿಷ್ಟದಲ್ಲೇ ಅರ್ಧ ಅಡುಗೆ ಇದೆ. ಗೆಣಸನ್ನು ಒಣಗಿಸಿ ಬೀಸಿದ ಹಿಟ್ಟು ಇದಕ್ಕೆ ಆಗದು, ಅದರಿಂದ ತೆಗೆದ ಬಿಳಿ ಪಿಷ್ಟವೇ ಬೇಕು. ಅದು ಸಿಗದಿದ್ದ ವಾರ ಕಾರ್ನ್‌ಫ್ಲೋರ್ ಹಾಕಿದೆ: ಮಬ್ಬಾಗಿ, ಆರಿದ ಗಂಜಿಯಂತೆ ಹೆಪ್ಪುಗಟ್ಟಿತು. ಮರಗೆಣಸಿನ ಪಿಷ್ಟ ಪಾರದರ್ಶಕವಾಗಿ ಬೆಂದಿತು, ಆದರೆ ಹಲ್ಲಿಗೆ ಅಂಟಿತು. ಗೆಣಸಿನ ಪಿಷ್ಟ ಮಾತ್ರ ಅಂಚಿನಲ್ಲಿ ಗರಿಯಾಗಿ, ನಡುವೆ ಹದವಾಗಿ ಜಗಿಯುವಂತೆ ಬಂತು. ಮೂರು ಚಮಚಕ್ಕೆ ಎಂಟು ಚಮಚ ನೀರು, ನೀರುದೋಸೆ ಹಿಟ್ಟಿನಷ್ಟು ತೆಳು. ಅದರಂತೆಯೇ ಇದೂ ಕ್ಷಣದಲ್ಲಿ ತಳಕ್ಕೆ ಇಳಿದು ಕೂರುತ್ತದೆ, ಹೊಯ್ಯುವ ಮುನ್ನ ಪ್ರತಿಸಲ ಕಲಕಲೇಬೇಕು.

ತೈವಾನಿನ ಕ್ರಮದಲ್ಲಿ ಮೊದಲು ಸಿಂಪಿ, ಅದರ ಮೇಲೆ ಪಿಷ್ಟದ ನೀರು. ಅಂಚು ಕನ್ನಡಿಯಂತೆ ಹೊಳೆಯತೊಡಗಿದಾಗ ಮೊಟ್ಟೆ ಒಡೆದು ಹಾಕಿ, ಸೊಪ್ಪು ಹರಡಿ, ಮಗುಚಬೇಕು. ಕೊನೆಗೆ ಸಿಹಿಹುಳಿಯ ಕೆಂಪು ಸಾಸ್. 1661ರಲ್ಲಿ ತೈವಾನಿನಲ್ಲಿ ನೆಲೆಯೂರಿದ್ದ ಡಚ್ಚರ ಮೇಲೆ ದಂಡೆತ್ತಿ ಬಂದ ಚೀನೀ ಸೇನಾನಿ ಕೊಕ್ಸಿಂಗನ ಸೈನಿಕರು ಅಕ್ಕಿ ಇಲ್ಲದೆ ಸಿಂಪಿಗೆ ಗೆಣಸಿನ ಪಿಷ್ಟ ಕಲಸಿ ಬೇಯಿಸಿಕೊಂಡರು ಎಂಬ ಐತಿಹ್ಯ ಅಲ್ಲಿದೆ. ತಿಂದಾಗ ಆ ಮಾತು ಒಪ್ಪುವಂತೆಯೇ ಇದೆ, ಇದು ಹೊಟ್ಟೆ ತುಂಬಿಸುವ ತಿನಿಸು. ಮಗುಚುವುದೊಂದೇ ಕಷ್ಟ. ಮೊದಲೆರಡು ಸಲ ನನ್ನದು ಹರಿದುಹೋಯಿತು, ಸಣ್ಣ ಬಾಣಲೆಗೆ ಬದಲಾಯಿಸಿದ ಮೇಲೆ ಸರಿಹೋಯಿತು.

ತ್ಯೋಚ್ಯೂ ಕ್ರಮಕ್ಕೆ ಧಾರಾಳ ಹಂದಿಕೊಬ್ಬು, ಜೋರು ಉರಿ. ಪಿಷ್ಟವನ್ನು ತೆಳ್ಳಗೆ ಹೊಯ್ದು, ಅದು ಚಟಪಟ ಎನ್ನುತ್ತಾ ತಳದಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಕೈ ಹಾಕಬಾರದು. ಆಮೇಲೆ ಬಾತುಕೋಳಿ ಮೊಟ್ಟೆ ಸುರಿದು, ಅದು ಗಟ್ಟಿಯಾದಾಗ ತುಂಡು ಮಾಡಬೇಕು. ಸಿಂಗಪುರದ ಅಂಗಡಿಗಳಲ್ಲಿ ಸಿಂಪಿಯನ್ನು ಕೊನೆಗೆ ಹಾಕುವುದನ್ನು ನೋಡಿ ನಾನೂ ಹಾಗೆಯೇ ಮಾಡಿದೆ: ಅರ್ಧ ನಿಮಿಷ ಸಾಕು, ಉಬ್ಬಿಕೊಂಡು ರಸಭರಿತವಾಗಿ ಉಳಿಯುತ್ತದೆ. ನಂಚಿಕೊಳ್ಳಲು ಮೀನಿನ ಸಾಸ್, ಬಿಳಿ ಮೆಣಸಿನ ಪುಡಿ.

ಯಾವ ಕ್ರಮವಾದರೂ ಸಿಂಪಿಗೆ ಒಂದು ಚಮಚ ಪಿಷ್ಟ ಉದುರಿಸಿ, ಬೆರಳ ತುದಿಯಿಂದ ಹಗುರವಾಗಿ ಕೈಯಾಡಿಸಿ ತೊಳೆಯಿರಿ. ಬೂದುಬಣ್ಣದ ಕೊಳೆ ಬಿಡುತ್ತದೆ. ನಂತರ ಬಟ್ಟೆಯ ಮೇಲೆ ಹರಡಿ ಒರೆಸಿ. ಒಮ್ಮೆ ಶೈತ್ಯೀಕರಿಸಿದ ಪೊಟ್ಟಣದ ಸಿಂಪಿಯನ್ನು ಒರೆಸದೆ ಹಾಕಿ, ಬಾಣಲೆಯ ತುಂಬ ನೀರಾಗಿ ಇಡೀ ಅಡುಗೆ ಕೆಟ್ಟಿತು.

ನನ್ನ ಮತ ತ್ಯೋಚ್ಯೂ ಕ್ರಮಕ್ಕೆ. ಸಿಂಪಿಗೆ ತನ್ನದೇ ಉಪ್ಪು, ತನ್ನದೇ ಕಡಲಿನ ವಾಸನೆ ಇದೆ. ಮೀನಿನ ಸಾಸ್ ಅದನ್ನು ಎತ್ತಿ ಹಿಡಿಯುತ್ತದೆ, ತೈವಾನಿನ ಕೆಂಪು ಸಾಸ್ ಮುಚ್ಚಿಬಿಡುತ್ತದೆ. ಆದರೆ ಪೊಟ್ಟಣದ ಸಿಂಪಿಯೇ ಗತಿಯಾದ ದಿನ, ಮಕ್ಕಳು ಊಟಕ್ಕಿದ್ದ ದಿನ ತೈವಾನಿನದೇ ಸರಿ. ಆರಿದರೂ ಅದು ಕೆಡುವುದಿಲ್ಲ. ತ್ಯೋಚ್ಯೂ ಆಮ್ಲೆಟ್ಟಿನ ಗರಿ ಐದೇ ನಿಮಿಷದಲ್ಲಿ ಇಳಿಯುತ್ತದೆ, ಆದ್ದರಿಂದ ಎಲ್ಲರೂ ತಟ್ಟೆ ಮುಂದೆ ಕುಳಿತ ಮೇಲೆಯೇ ನಾನು ಒಲೆ ಹಚ್ಚುವುದು.