ಸ್ಟೋಮಾ ಪೌಡರ್: ಎರಡು ಮಳೆಗಾಲ ಬಳಸಿದ ಮೇಲೆ

ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಮಂಗಳೂರಿನಲ್ಲಿ ಆಪರೇಶನ್ ಆಗಿ ಎರಡು ವರ್ಷ ದಾಟಿತು. ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಗೆ ತಂದು ಕೂರಿಸಿದ್ದಾರೆ. ಇದಕ್ಕೆ ಇಲಿಯೋಸ್ಟಮಿ ಎನ್ನುತ್ತಾರೆ, ಹೊಟ್ಟೆಯ ಮೇಲೆ ಕಾಣುವ ಆ ಕರುಳಿನ ಬಾಯಿಗೆ ಸ್ಟೋಮಾ.

ಮಲ ಅಲ್ಲಿಂದ ಹೊರಬಂದು ಹೊಟ್ಟೆಗೆ ಅಂಟಿಸಿದ ಬ್ಯಾಗಿನಲ್ಲಿ ತುಂಬುತ್ತದೆ. ಆ ಬ್ಯಾಗಿಗೆ ಬೇಗ ಒಗ್ಗಿಕೊಂಡೆ. ಕಾಡಿದ್ದು ಸ್ಟೋಮಾದ ಸುತ್ತಲಿನ ಚರ್ಮ. ಹೊರಬರುವುದು ನೀರುನೀರಾಗಿರುತ್ತದೆ, ಊಟ ಜೀರ್ಣಿಸುವ ರಸವೂ ಅದರಲ್ಲೇ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಒಂದು ತಿಂಗಳಲ್ಲಿ ಕೆಂಪಾಗಿ, ಸಿಪ್ಪೆ ಎದ್ದು, ನೀರು ಒಸರತೊಡಗಿತು. “ಚೂರು ತೆಂಗಿನೆಣ್ಣೆ ಹಚ್ಚಿ ನೋಡುವ” ಎಂದಳು ಹೆಂಡತಿ. ನಮ್ಮಲ್ಲಿ ಎಲ್ಲದಕ್ಕೂ ಅದೇ ಮದ್ದಲ್ಲವೇ? ಎಣ್ಣೆಯ ಮೇಲೆ ಬ್ಯಾಗಿನ ಪ್ಲೇಟ್ (ಚರ್ಮಕ್ಕೆ ಅಂಟುವ, ನಡುವೆ ತೂತಿರುವ ಭಾಗ) ಹಿಡಿಯಲೇ ಇಲ್ಲ, ನಡುರಾತ್ರಿ ಹಾಸಿಗೆಯೆಲ್ಲ ಒದ್ದೆ.

ಆಮೇಲೆ ತಂದದ್ದು ಸ್ಟೋಮಾ ಪೌಡರ್. ನಾನು ತಂದದ್ದರಲ್ಲಿ ಪೆಕ್ಟಿನ್, ಜೆಲಟಿನ್, ಸೆಲ್ಯುಲೋಸ್ ಇವೆ. ಅವು ಒಸರುವ ನೀರನ್ನು ಹೀರಿ ಲೋಳೆಯಂತಾಗುತ್ತವೆ, ಅದರ ಮೇಲೆ ಪ್ಲೇಟ್ ಕೂರುತ್ತದೆ. ಬೆಳಿಗ್ಗೆ ಏನೂ ತಿನ್ನುವ ಮೊದಲು, ಕರುಳು ಸುಮ್ಮನಿರುವ ಹೊತ್ತಿನಲ್ಲಿ ಪ್ಲೇಟ್ ಬದಲಿಸುತ್ತೇನೆ. ಉಗುರುಬೆಚ್ಚಗಿನ ನೀರು, ಹಳೆಯ ಮೆತ್ತನೆ ಹತ್ತಿಬಟ್ಟೆ, ಅಷ್ಟೇ. ಸೋಪು, ಡೆಟಾಲ್ ಬೇಡ. ಒರೆಸುವಾಗ ಸ್ಟೋಮಾದಿಂದ ಹನಿ ರಕ್ತ ಬಂದರೆ ಹೆದರಬೇಕಾಗಿಲ್ಲ. ಬೈರಾಸಿನಿಂದ ಉಜ್ಜದೆ ಒತ್ತಿ ಒಣಗಿಸಿ, ಎರಡು ನಿಮಿಷ ಫ್ಯಾನಿನಡಿ ಕೂತು, ಒಸರುವಲ್ಲಿಗೆ ಮಾತ್ರ ಪೌಡರ್ ಚಿಮುಕಿಸುತ್ತೇನೆ. ಅಂಟದೆ ಉಳಿದದ್ದನ್ನು ಕೊಡವಲೇಬೇಕು, ದಪ್ಪ ಪದರ ಉಳಿದರೆ ಪ್ಲೇಟ್ ಕಳಚುತ್ತದೆ. ಮೇಲಿನಿಂದ ಸ್ಪಿರಿಟ್ ಇಲ್ಲದ ಬ್ಯಾರಿಯರ್ ವೈಪ್ (ಚರ್ಮದ ಮೇಲೆ ತೆಳು ರಕ್ಷಣೆಯ ಪದರ ಬಿಡುವ ಒದ್ದೆ ಬಟ್ಟೆತುಂಡು) ಒತ್ತುತ್ತೇನೆ. ಸ್ಪಿರಿಟ್ ಇರುವುದನ್ನು ಒಮ್ಮೆ ಹಚ್ಚಿ ಕಣ್ಣಲ್ಲಿ ನೀರು ಬಂದಿತ್ತು.

ಮೂರನೇ ಸಲ ಬದಲಿಸುವಾಗ ಚರ್ಮ ಒಣಗಿತ್ತು. ಆದರೆ ಹದಿನೈದೇ ದಿನದಲ್ಲಿ ಮತ್ತೆ ಅದೇ ಉರಿ. ಪೌಡರ್ ಸಾಲದೆಂದು ಇನ್ನಷ್ಟು ಸುರಿದೆ. ಚೆಕಪ್‌ಗೆ ಹೋದಾಗ ಸಿಸ್ಟರ್ ಅಳತೆ ತೆಗೆದು ನೋಡಿದರು: ಆಪರೇಶನ್ ಆದ ಆರೆಂಟು ವಾರಗಳಲ್ಲಿ ಸ್ಟೋಮಾದ ಊತ ಇಳಿದು 28 ಮಿ.ಮೀ. ಆಗಿದೆ, ನಾನು ಇನ್ನೂ ಹಳೆಯ 35ರ ಅಳತೆಗೇ ಪ್ಲೇಟಿನ ತೂತು ಕತ್ತರಿಸುತ್ತಿದ್ದೇನೆ! ನಡುವಿನ ಚರ್ಮವೆಲ್ಲ ಆ ರಸದಲ್ಲೇ ನೆನೆಯುತ್ತಿತ್ತು. ತೂತು ಸ್ಟೋಮಾಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಬೇಕು. ಅಳತೆ ಸರಿಮಾಡಿದ ಮೇಲೆ ಪೌಡರ್ ತನ್ನ ಕೆಲಸ ಪೂರ್ತಿ ಮಾಡಿತು.

ಕಳೆದ ಮೇ ತಿಂಗಳ ಸೆಕೆಯಲ್ಲಿ ತುರಿಕೆ ಬಂದು, ಅಂಚಿನಲ್ಲಿ ಕೆಂಪು ಚುಕ್ಕಿಗಳೆದ್ದವು. ಅದು ಫಂಗಸ್, ಈ ಪೌಡರಿನಿಂದ ಹೋಗುವುದಲ್ಲ. ಡಾಕ್ಟರು ಬೇರೆ ಮದ್ದು ಕೊಟ್ಟರು. ಚಳಿಗಾಲದಲ್ಲಿ ನಾಲ್ಕು ದಿನ ಬರುವ ಪ್ಲೇಟ್ ಆ ಸೆಕೆಗೆ ಎರಡೇ ದಿನ.

ನಮ್ಮ ಪೇಟೆಯ ಮೆಡಿಕಲ್‌ನಲ್ಲಿ ಇದು ಸಿಗದು, ಮಂಗಳೂರಿನಿಂದಲೇ ತರುತ್ತೇನೆ. ಮಳೆಗಾಲದಲ್ಲಿ ಬಚ್ಚಲಲ್ಲಿಟ್ಟ ಮೊದಲ ಬಾಟಲಿ ಗಂಟುಕಟ್ಟಿತು, ಈಗ ಕಪಾಟಿನಲ್ಲಿಡುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ಎರಡು ಸಲ ಬಳಸಿದ್ದು. ಆಮೇಲೆ ಮುಚ್ಚಳ ತೆರೆದಿಲ್ಲ.