ಮಳೆಗಾಲದಲ್ಲಿ ಕಾಟನ್‌ವುಡ್ ಕ್ಯಾನ್ಯನ್ ರಸ್ತೆಗೆ ಇಳಿಯಬೇಡಿ

ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಅರಿಜೋನಾ, ಯೂಟಾ ಕಡೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಅರಿಜೋನಾದ ಪೇಜ್ ಊರಿನಿಂದ ಯೂಟಾದ ಬ್ರೈಸ್ ಕ್ಯಾನ್ಯನ್‌ಗೆ ಒಂದೇ ದಿನದಲ್ಲಿ ಹೋಗುವ ಯೋಚನೆ ಇದ್ದರೆ ತಪ್ಪದೇ ಓದಿ. ಫೋನಿನ ಮ್ಯಾಪ್ ನಿಮಗೆ ಕಾಟನ್‌ವುಡ್ ಕ್ಯಾನ್ಯನ್ ರೋಡ್ ಅಂತ ಹತ್ತಿರದ ದಾರಿಯೊಂದನ್ನು ತೋರಿಸಬಹುದು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆ ದಾರಿ ಹಿಡಿಯಬೇಡಿ. ಹೋದ ವರ್ಷ ಆಗಸ್ಟ್‌ನಲ್ಲಿ ನಾವು ಐದು ಜನ ಅಲ್ಲಿ ಇಡೀ ರಾತ್ರಿ ಕಾರಿನಲ್ಲೇ ಕೂತಿದ್ದೆವು. ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, ನವಲಗುಂದದಿಂದ ಬಂದಿದ್ದ ಅಪ್ಪ ಮತ್ತು ಅವ್ವ.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಹಾರ್ಸ್‌ಶೂ ಬೆಂಡ್‌ನಲ್ಲಿ ಸಾವಿರ ಅಡಿ ಕೆಳಗೆ ತಿರುಗಿ ಹರಿಯುವ ಕೊಲರಾಡೊ ನದಿ ನೋಡಿದೆವು. ಆಮೇಲೆ ಆಂಟಿಲೋಪ್ ಕ್ಯಾನ್ಯನ್. ಅಲ್ಲಿ ನವಾಹೊ (ಅಲ್ಲಿಯ ಮೂಲನಿವಾಸಿ ಜನಾಂಗ) ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ನಮ್ಮ ಗೈಡ್ 1997ರ ಆಗಸ್ಟ್ 12ರ ವಿಷಯ ಹೇಳಿದರು. ಅವತ್ತು ಕೆಳಗಿನ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಏಕಾಏಕಿ ನೀರು ನುಗ್ಗಿ 11 ಪ್ರವಾಸಿಗರು ಸತ್ತರಂತೆ. ಮಳೆ ಸುರಿದದ್ದು ಅಲ್ಲಲ್ಲ, ಮೈಲಿಗಟ್ಟಲೆ ದೂರದಲ್ಲಿ. ಅದನ್ನು ಕೇಳಿ ಎರಡು ಗಂಟೆ ಕಳೆಯುವ ಮೊದಲೇ ನಾನು ಅಂಥದ್ದೇ ತಪ್ಪು ಮಾಡಿದೆ.

ತಪ್ಪಿಗೆ ದಾರಿ ಮಾಡಿದ್ದು ಅವಸರ. ಅರಿಜೋನಾದಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಡುವುದಿಲ್ಲ, ಯೂಟಾದಲ್ಲಿ ಇಡುತ್ತಾರೆ. ಪೇಜ್‌ನಿಂದ ಎರಡು ಗಂಟೆಗೆ ಹೊರಟೆವು. ಗಡಿ ದಾಟಿದ ಕೂಡಲೇ ಫೋನಿನಲ್ಲಿ ಮೂರು ದಾಟಿತ್ತು. ಈ ಲೆಕ್ಕ ನನ್ನ ತಲೆಯಲ್ಲೇ ಇರಲಿಲ್ಲ. ಬ್ರೈಸ್‌ನಲ್ಲಿ ಸೂರ್ಯಾಸ್ತ ತೋರಿಸುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. ಹೈವೇ 89ರಲ್ಲಿ ಕನಾಬ್ ಊರಿನ ಮೇಲೆ ಹೋದರೆ ಸುಮಾರು 150 ಮೈಲಿ, ಎರಡೂವರೆ ಗಂಟೆ. ಮ್ಯಾಪಿನ ಇನ್ನೊಂದು ಗೆರೆ ಐವತ್ತು ಮೈಲಿಯಷ್ಟು ಕಡಿಮೆ ತೋರಿಸಿತು. ಕಾರು ಬಾಡಿಗೆಯದು, ಏಳು ಸೀಟಿನದು, ಆಲ್ ವೀಲ್ ಡ್ರೈವ್. ಆ ಧೈರ್ಯದಲ್ಲಿ ತಿರುಗಿಸಿಬಿಟ್ಟೆ.

ಹೈವೇಯಿಂದ ಬ್ರೈಸ್ ಕಡೆಯ ಕ್ಯಾನನ್‌ವಿಲ್ ಊರಿನವರೆಗೆ ಸುಮಾರು 46 ಮೈಲಿ, ಬಹುಪಾಲು ಮಣ್ಣಿನ ರಸ್ತೆ. ನಡುವೆ ಊರಿಲ್ಲ, ಅಂಗಡಿ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಫೋನಿಗೆ ಸಿಗ್ನಲ್ಲೂ ಇಲ್ಲ. ಒದ್ದೆಯಾದಾಗ ಇಲ್ಲಿ ಹೋಗಲಾಗದು ಅಂತ ಬೋರ್ಡ್ ಇತ್ತು. ನಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿತ್ತು, ರಸ್ತೆಯಲ್ಲಿ ಧೂಳು ಏಳುತ್ತಿತ್ತು. ಇನ್ನೇನು ಭಯ ಅಂದುಕೊಂಡೆ. ಉತ್ತರದ ಗುಡ್ಡಗಳ ಮೇಲೆ ಕಪ್ಪು ಮೋಡ ಕೂತಿದ್ದು ನೋಡಿಯೂ ನೋಡದಂತೆ ಮುಂದೆ ಹೋದೆ.

ಫೋಟೊಗೆ ಅಂತ ಒಂದು ಕಡೆ ನಿಲ್ಲಿಸಿದಾಗ ಅಪ್ಪ ಕೆಳಗಿಳಿದು ಬೂದು ಬಣ್ಣದ ಹೆಂಟೆಯೊಂದನ್ನು ಎತ್ತಿಕೊಂಡರು. ಅಲ್ಲಿಯ ನೆಲ ಬಿರುಕು ಬಿಟ್ಟು, ಮೇಲೆ ಅರಳು ಹರಡಿದ ಹಾಗೆ ಉಬ್ಬುಬ್ಬಾಗಿತ್ತು. ಹೆಂಟೆಯ ಮೇಲೆ ಬಾಟಲಿಯಿಂದ ಎರಡು ಹನಿ ನೀರು ಬಿಟ್ಟು ಬೆರಳಲ್ಲಿ ತಿಕ್ಕಿದರು. ಬೆಣ್ಣೆಯ ಹಾಗೆ ಜಾರಿತು. "ತಮ್ಮಾ, ಇದು ನಮ್ಮ ಎರಿ ಮಣ್ಣಿನ ಜಾತಿ ಐತಿ ನೋಡು. ಮಳಿ ಬಂದ್ರ ಗಾಡಿ ಹೋಗಂಗಿಲ್ಲ" ಅಂದರು. ನಾನು ಅಮೆರಿಕದಲ್ಲಿ ಹಾಗೇನಿಲ್ಲ ಅಪ್ಪಾ ಅಂದೆ.

ಅಪ್ಪ ಹೇಳಿದ್ದೇ ನಿಜ. ಅಲ್ಲಿಯ ಮಣ್ಣಿನಲ್ಲಿ ಬೆಂಟೊನೈಟ್ ಅನ್ನುವ ಜೇಡಿ ಇದೆ. ಜ್ವಾಲಾಮುಖಿಯ ಬೂದಿಯಿಂದ ಆದದ್ದು, ನೀರು ಕುಡಿದರೆ ಉಬ್ಬುತ್ತದೆ. ಅದರಲ್ಲಿ ಮುಖ್ಯವಾಗಿರುವ ಮಾಂಟ್‌ಮೊರಿಲೊನೈಟ್ ಖನಿಜವೇ ನಮ್ಮ ಎರೆ ಮಣ್ಣಿನಲ್ಲೂ ಜಾಸ್ತಿ ಇರುವುದು. ಎರೆ ಹೊಲದಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡವರಿಗೆ ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ.

ಹದಿನೈದು ಮೈಲಿ ಹೋದ ಮೇಲೆ ರಸ್ತೆಗೆ ಅಡ್ಡ ಹಳ್ಳ ಬಂದಿತ್ತು. ಕೆಂಪು ನೀರು, ಅದರಲ್ಲಿ ಟೊಂಗೆಗಳು ತೇಲಿ ಬರುತ್ತಿದ್ದವು. ನಾವಿದ್ದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ದಾಟುವ ಸಾಹಸ ಮಾಡಲಿಲ್ಲ, ಅದೊಂದೇ ಅವತ್ತು ನಾನು ಸರಿಯಾಗಿ ಮಾಡಿದ ಕೆಲಸ. ಕಾರು ತಿರುಗಿಸಿ ವಾಪಸ್ ಹೊರಟೆವು. ಎರಡು ಮೈಲಿ ಹೋಗುವಷ್ಟರಲ್ಲಿ ಮಳೆ ನಮ್ಮ ಮೇಲೇ ಬಂತು. ಸುರಿದದ್ದು ಹದಿನೈದು ನಿಮಿಷ ಇರಬಹುದು. ಇಳಿಜಾರಿನಲ್ಲಿ ಸ್ಟೀರಿಂಗ್ ಒಂದು ಕಡೆ, ಕಾರು ಒಂದು ಕಡೆ. ಬ್ರೇಕ್ ಒತ್ತಿದರೂ ಮೆಲ್ಲಗೆ ಅಡ್ಡಡ್ಡ ಜಾರಿ ಹಿಂದಿನ ಗಾಲಿ ಚರಂಡಿಗೆ ಇಳಿಯಿತು.

ಇಳಿದು ನೋಡಿದರೆ ಟೈರಿನ ಗೀರುಗಳೆಲ್ಲ ಜೇಡಿಯಿಂದ ತುಂಬಿ, ಟೈರು ಗಡಿಗೆಯ ಹೊಟ್ಟೆಯಷ್ಟು ನುಣ್ಣಗಾಗಿತ್ತು. ನಾಲ್ಕೂ ಗಾಲಿ ಎಂಜಿನ್‌ನಿಂದ ತಿರುಗಿದರೇನು, ಹಿಡಿಯಲು ನೆಲವೇ ಇಲ್ಲವಲ್ಲ. ಐದು ಹೆಜ್ಜೆ ಇಡುವಷ್ಟರಲ್ಲಿ ನನ್ನ ಶೂ ಅಡಿಗೆ ನಾಲ್ಕು ಬೆರಳು ದಪ್ಪ ಮಣ್ಣು ಅಂಟಿತು.

ಹೆಂಡತಿಯ ಫೋನ್‌ನಲ್ಲಿ ಉಪಗ್ರಹದ ಮೂಲಕ ಎಸ್‌ಒಎಸ್ (ತುರ್ತು ಸಹಾಯದ ಸಂದೇಶ) ಕಳಿಸುವ ಸೌಲಭ್ಯ ಇತ್ತು. ಐಫೋನ್ 14 ಮತ್ತು ಅದರ ಮೇಲಿನವುಗಳಲ್ಲಿ ಇದೆ. ಬಂಡೆಗಳ ನಡುವೆ ಆಕಾಶ ಸಣ್ಣದು. ಫೋನ್ ಹಿಡಿದು ಅವಳು ತುಂಬಾ ಹೊತ್ತು ನಿಂತ ಮೇಲೆ ಸಂದೇಶ ಹೋಯಿತು. ರಕ್ಷಣಾ ಸಿಬ್ಬಂದಿಯಿಂದ ಉತ್ತರವೂ ಬಂತು: ಯಾರಿಗೂ ಜೀವಕ್ಕೆ ಅಪಾಯವಿಲ್ಲದಿದ್ದರೆ ಕಾರು ಬಿಟ್ಟು ಹೋಗಬೇಡಿ, ರಸ್ತೆ ಒಣಗುವವರೆಗೆ ನಮ್ಮ ಗಾಡಿಗಳೂ ಬರಲಾರವು. ಅದನ್ನು ಓದಿದಾಗ ನನ್ನ ಕೈ ನಡುಗಿತು. ಅವ್ವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಕಾರಿನಲ್ಲಿದ್ದದ್ದು ಅರ್ಧ ಲೀಟರಿನ ಆರು ಬಾಟಲಿ ನೀರು. ಪುಣ್ಯಕ್ಕೆ ಅವ್ವ ಊರಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲದಲ್ಲಿತ್ತು. ಅಪ್ಪ ನೀರನ್ನು ಮುಚ್ಚಳದಲ್ಲಿ ಅಳೆದು ಕೊಟ್ಟರು. ಮೊದಲು ಮೊಮ್ಮಗಳಿಗೆ, ಆಮೇಲೆ ಅವ್ವನಿಗೆ. ರಾತ್ರಿಯಿಡೀ ಹಳ್ಳದ ಸದ್ದು. ನೀರು ಇಲ್ಲಿಗೂ ಬರುತ್ತದಾ ಅಂತ ಮಗಳು ಮತ್ತೆ ಮತ್ತೆ ಕೇಳಿದಳು. ಬರಲ್ಲ ಪುಟ್ಟಾ ಅಂದೆ. ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಬಿಸಿಲು ಚುರುಕಾಯಿತು. ಹನ್ನೊಂದರ ಹೊತ್ತಿಗೆ ರಸ್ತೆಯ ಮೇಲ್ಪದರ ಒಣಗಿ, ಎಳೆಯುವ ಗಾಡಿ ಬಂತು. ಅದಕ್ಕೆ 1,400 ಡಾಲರ್ ಕೊಟ್ಟೆ. ಬಾಡಿಗೆ ಕರಾರಿನಲ್ಲಿ ಡಾಂಬರು ಇಲ್ಲದ ರಸ್ತೆಗೆ ಕಾರು ಒಯ್ಯಬಾರದು ಅಂತ ಒಂದು ಸಾಲಿತ್ತು. ಹಾಗಾಗಿ ಅವರ ಸಹಾಯವೂ ಇಲ್ಲ, ವಿಮೆಯೂ ಇಲ್ಲ. ಕಾರಿನ ಕೆಳಭಾಗ ಕೆಟ್ಟದ್ದಕ್ಕೆ ಬೇರೆ ಬಿಲ್ ಬಂತು. ನಿಮ್ಮ ಕರಾರಿನಲ್ಲೂ ಆ ಸಾಲು ಇದೆಯಾ ಅಂತ ಸಹಿ ಹಾಕುವ ಮೊದಲೇ ನೋಡಿ.

ನಾನು ಐದು ನಿಮಿಷ ನಿಲ್ಲಿಸಿ ಕೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಪೇಜ್‌ನಿಂದ ಬರುವಾಗ ಆ ತಿರುವಿಗೂ ಮೊದಲೇ, ಹೈವೇ ಪಕ್ಕದಲ್ಲೇ, ಬಿಗ್ ವಾಟರ್ ಊರಿನ ವಿಸಿಟರ್ ಸೆಂಟರ್ ಸಿಗುತ್ತದೆ. ರಸ್ತೆ ಹೇಗಿದೆ ಅಂತ ಅಲ್ಲಿ ಕೇಳಿ. ಹವಾಮಾನ ಇಲಾಖೆಯ ಪುಟದಲ್ಲಿ ಅವತ್ತಿನ ದಿಢೀರ್ ಪ್ರವಾಹದ ಮುನ್ಸೂಚನೆಯನ್ನೂ ನೋಡಿ. ನಿಮ್ಮ ತಲೆಯ ಮೇಲಿನ ಆಕಾಶ ನೋಡಿ ನಿರ್ಧಾರ ಮಾಡಬೇಡಿ. ಡಾಂಬರು ರಸ್ತೆಯಲ್ಲೇ ಹೋಗುವುದಾದರೂ ತಲೆಗೆ ನಾಲ್ಕು ಲೀಟರ್ ನೀರು ಡಿಕ್ಕಿಯಲ್ಲಿರಲಿ, ಔಷಧಿ ಕೈಗೆ ಸಿಗುವ ಹಾಗಿರಲಿ.

ಮುಂದಿನ ವಾರವೇ ಹೊರಡುವವರಿದ್ದರೆ ಈಗಲೇ ಮ್ಯಾಪ್ ತೆಗೆದು, ಪೇಜ್ ಮತ್ತು ಬ್ರೈಸ್ ನಡುವೆ ಕನಾಬ್ ಅನ್ನು ಒಂದು ಸ್ಟಾಪ್ ಆಗಿ ಹಾಕಿಡಿ. ಆಗ ಅದು ನಿಮ್ಮನ್ನು ಹೈವೇ 89ರಲ್ಲೇ ಕರೆದುಕೊಂಡು ಹೋಗುತ್ತದೆ. ಮರುದಿನ ನಾವು ಬ್ರೈಸ್‌ಗೆ ಹೋದದ್ದೂ ಅದೇ ದಾರಿಯಲ್ಲಿ.